ಕಿಣ್ವ ಮತ್ತು ಹಸಿರು ದ್ರಾವಕಗಳಿಂದ ಸಸ್ಯಸಾರ ತೆಗೆಯುವಿಕೆ

ಸಸ್ಯದ ಜೀವಕೋಶಗಳ ಗೋಡೆಯನ್ನು ಕಿಣ್ವಗಳಿಂದ ಸಡಿಲಿಸಿ, ಒಳಗಿನ ಎಣ್ಣೆ, ಬಣ್ಣ, ಖಾರ, ಪರಿಮಳ, ಔಷಧಾಂಶಗಳನ್ನು ನೀರು, ಮದ್ಯಸಾರ, ಒತ್ತಡದಲ್ಲಿರಿಸಿದ ಇಂಗಾಲದ ಡೈಆಕ್ಸೈಡ್ ಮೊದಲಾದ ಕಡಿಮೆ ಹಾನಿಯ ದ್ರಾವಕಗಳಲ್ಲಿ ಇಳಿಸಿಕೊಳ್ಳುವ ವಿಧಾನ. ಪೆಟ್ರೋಲಿಯಂನಿಂದ ಸಿಗುವ ಹೆಕ್ಸೇನಿನಂಥ ದ್ರಾವಕಗಳಿಗೆ ಬದಲಿಯಾಗಿ, ಇಲ್ಲವೇ ಅವುಗಳ ಬಳಕೆಯನ್ನು ತಗ್ಗಿಸುವ ಉಪಾಯವಾಗಿ ಕಳೆದ ಮೂರು-ನಾಲ್ಕು ದಶಕಗಳಲ್ಲಿ ಇದು ಬೆಳೆದುಬಂದಿದೆ.

ಹೆಸರು ಹೊಸದು, ಕೆಲಸ ಹಳೆಯದು. ರಾಯಚೂರು ಸೀಮೆಯಲ್ಲಿ ಹೊಲದ ಅಂಚಿಗೆ ಬೆಳೆಯುವ ಪುಂಡಿಯ ಸೊಪ್ಪು ಪಲ್ಯಕ್ಕೆ, ದಂಟು ನಾರಿಗೆ. ದಂಟಿನ ಕಟ್ಟುಗಳನ್ನು ಹೊಂಡದ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಕೆಲವು ದಿನ ಬಿಟ್ಟರೆ ತೊಗಟೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಬಡಿದು ತೊಳೆದರೆ ಹಗ್ಗಕ್ಕೆ ನಾರು ಸಿದ್ಧ. ನೀರಿನಲ್ಲಿದ್ದ ಬ್ಯಾಕ್ಟೀರಿಯಾಗಳು ಪೆಕ್ಟಿನೇಸ್ ಎಂಬ ಕಿಣ್ವವನ್ನು ಸ್ರವಿಸಿ, ನಾರನ್ನು ದಂಟಿಗೆ ಅಂಟಿಸಿಟ್ಟಿದ್ದ ಪೆಕ್ಟಿನನ್ನು ಆ ದಿನಗಳಲ್ಲಿ ಕರಗಿಸಿರುತ್ತವೆ. ಕಿಣ್ವ, ನೀರು, ಒಂದಿಷ್ಟು ಸಮಯ: ಇಂದಿನ ಕಾರ್ಖಾನೆಯಲ್ಲೂ ಬೇಕಾಗುವುದು ಇವೇ. ಹೊಂಡದ ಜಾಗದಲ್ಲಿ ಉಕ್ಕಿನ ತೊಟ್ಟಿ ಬಂದಿದೆ, ದಿನಗಳ ಜಾಗದಲ್ಲಿ ಗಂಟೆಗಳು ಬಂದಿವೆ. ಕಿಣ್ವ ಎಂಬ ಪದಕ್ಕೂ ವಯಸ್ಸಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಸುರೆ ಹುದುಗಿಸುವ ಹೆಪ್ಪಿನ ಹೆಸರು.

ಸಾರ ತೆಗೆಯುವುದಕ್ಕೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದವರಿಗೆ ಇನ್ನೊಂದು ಉದಾಹರಣೆ ನೆರೆಯಲ್ಲೇ ಇದೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಬಂಡೆಯನ್ನು ಹಿಟ್ಟು ಮಾಡಿ, ಸಯನೈಡಿನ ತೆಳು ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ, ದ್ರಾವಣದಿಂದ ಅದನ್ನು ಬೇರ್ಪಡಿಸುತ್ತಾರೆ. ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ. ಒಡೆಯುವುದು, ಕರಗಿಸುವುದು, ಬೇರ್ಪಡಿಸುವುದು ಎಂಬ ಮೂರು ಹಂತಗಳು ಸಸ್ಯಕ್ಕೂ ಇವೆ. ಆದರೆ ಬಂಡೆಯನ್ನು ಎಷ್ಟು ಕುಟ್ಟಿದರೂ, ಎಷ್ಟು ಕಾಸಿದರೂ ಚಿನ್ನ ಚಿನ್ನವಾಗಿಯೇ ಇರುತ್ತದೆ. ಮೆಣಸಿನಕಾಯಿಯ ಕೆಂಪು ಹಾಗಲ್ಲ. ಬಿಸಿಲಿಗೂ ಗಾಳಿಗೂ ಕಾವಿಗೂ ಮಾಸುತ್ತದೆ. ಮೇಲಾಗಿ ಅದು ಹೊಟ್ಟೆಗೆ ಹೋಗುವ ಪದಾರ್ಥ, ಕರಗಿಸಿದ ದ್ರಾವಕ ಅದರಲ್ಲಿ ಉಳಿಯುವಂತಿಲ್ಲ.

ಜೀವಕೋಶದ ಗೋಡೆ

ಹಳೆಯ ಮಾಳಿಗೆ ಮನೆಗಳ ಗೋಡೆಗೆ ಮಣ್ಣಿನ ಜೊತೆ ಹುಲ್ಲು ಕಲಸಿ ತುಳಿಯುತ್ತಿದ್ದರು. ಹುಲ್ಲು ಎಳೆತವನ್ನು ತಾಳುತ್ತದೆ, ಮಣ್ಣು ಹುಲ್ಲನ್ನು ಹಿಡಿದಿಡುತ್ತದೆ. ಸಸ್ಯಕೋಶದ ಗೋಡೆಯೂ ಸರಿಸುಮಾರು ಹೀಗೆಯೇ ಕಟ್ಟಿದ್ದು. ಹುಲ್ಲಿನ ಜಾಗದಲ್ಲಿ ಸೆಲ್ಯುಲೋಸಿನ ಎಳೆಗಳಿವೆ. ಅವುಗಳನ್ನು ಹೆಣೆದುಕೊಂಡು ಹೆಮಿಸೆಲ್ಯುಲೋಸ್ ಇದೆ. ಕೋಶಕ್ಕೂ ಕೋಶಕ್ಕೂ ನಡುವೆ ಗಾರೆಯಂತೆ ಪೆಕ್ಟಿನ್ ತುಂಬಿಕೊಂಡಿದೆ. ಬಲಿತ ಭಾಗಗಳಲ್ಲಿ ಲಿಗ್ನಿನ್ ಸೇರಿ ಗೋಡೆ ಕಟ್ಟಿಗೆಯಾಗುತ್ತದೆ. ಎಣ್ಣೆಕಾಳುಗಳಲ್ಲಂತೂ ಗೋಡೆಯ ಒಳಗೆ ಇನ್ನೊಂದು ಕಾವಲಿದೆ: ಎಣ್ಣೆಯ ಪ್ರತಿ ಹನಿಯ ಸುತ್ತ ಪ್ರೋಟೀನಿನ ತೆಳುಪೊರೆ.

ಹೆಕ್ಸೇನಿನಂಥ ದ್ರಾವಕ ಈ ಗೋಡೆಯನ್ನು ಒಡೆಯುವುದಿಲ್ಲ, ಸಂದಿಗಳಲ್ಲಿ ನುಸುಳಿ ಒಳಗಿನದನ್ನು ಕರಗಿಸಿಕೊಂಡು ಬರುತ್ತದೆ. ನೀರಿಗೂ ಮದ್ಯಸಾರಕ್ಕೂ ಎಣ್ಣೆ-ಬಣ್ಣಗಳ ಮೇಲೆ ಅಷ್ಟು ಹಿಡಿತವಿಲ್ಲ. ಬಾಗಿಲು ಮುಚ್ಚಿದ್ದರೆ ಅವು ಹೊರಗೇ ನಿಲ್ಲುತ್ತವೆ. ಒಂದು ಶತಮಾನ ಕಾಲ ಉದ್ಯಮ ಬಾಗಿಲು ತೆರೆಯುವ ಗೋಜಿಗೆ ಹೋಗದೆ ನುಸುಳಬಲ್ಲ ದ್ರಾವಕವನ್ನೇ ಹುಡುಕಿತು. ಕಿಣ್ವದ ವಿಧಾನ ಈ ಕ್ರಮವನ್ನು ತಿರುಗಿಸುತ್ತದೆ. ಬಾಗಿಲು ಮೊದಲು ತೆರೆದರೆ ಸಾಧು ದ್ರಾವಕವೂ ಕೆಲಸಕ್ಕೆ ಬರುತ್ತದೆ ಎಂಬುದೇ ಇದರ ತಿರುಳು.

ಗೋಡೆ ಮುರಿದಾಗ ಏನಾಗುತ್ತದೆ ಎಂಬುದನ್ನು ದನ ಸಾಕಿದವರು ಕಂಡೇ ಇರುತ್ತಾರೆ. ಮಳೆ ಹೋಗಿ ಬಾಡಿದ ಎಳೆ ಜೋಳವನ್ನೋ ಕೊಯ್ದ ಮೇಲೆ ಚಿಗುರಿದ ಕೂಳೆಯನ್ನೋ ಮೇಯ್ದ ದನ ಹೊಟ್ಟೆಯುಬ್ಬರವಿಲ್ಲದೆಯೂ ತೇಕಿ ಬೀಳುವುದುಂಟು. ಜೋಳದ ಎಲೆಯಲ್ಲಿ ಧುರಿನ್ ಎಂಬ ಸಂಯುಕ್ತ ಒಂದು ಕಡೆ, ಅದನ್ನು ಸೀಳುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ದನ ಅಗಿದಾಗ ಗೋಡೆಗಳು ಒಡೆದು ಎರಡೂ ಸೇರಿ ಹೈಡ್ರೋಜನ್ ಸಯನೈಡ್ ಹೊರಡುತ್ತದೆ. ಹಟ್ಟಿಯಲ್ಲಿ ಚಿನ್ನ ಕರಗಿಸುವ ವಿಷದ ಬಂಧುವನ್ನು ಜೋಳದ ಹೊಲ ತಾನೇ ತಯಾರಿಸಿಕೊಳ್ಳುತ್ತದೆ! ಬೆಳ್ಳುಳ್ಳಿ ಜಜ್ಜಿದಾಗ ಮಾತ್ರ ಘಮ್ಮೆನ್ನುವುದಕ್ಕೆ, ಸಾಸಿವೆ ಅರೆದಾಗ ಮಾತ್ರ ಮೂಗಿಗೆ ಏರುವುದಕ್ಕೆ ಕಾರಣವೂ ಇದೇ. ಸಸ್ಯದೊಳಗಿನ ಸ್ವಂತ ಕಿಣ್ವಗಳು ಹೀಗೆ ಕೆಲವೊಮ್ಮೆ ನೆರವಿಗೆ ಬರುತ್ತವೆ, ಕೆಲವೊಮ್ಮೆ ಕೆಲಸ ಕೆಡಿಸುತ್ತವೆ.

ಕಿಣ್ವಗಳು

1833ರಲ್ಲಿ ಫ್ರಾನ್ಸಿನ ಪಯೆನ್ ಮತ್ತು ಪರ್ಸೋ ಮೊಳಕೆ ಬಂದ ಬಾರ್ಲಿಯಿಂದ ಡಯಾಸ್ಟೇಸನ್ನು ಬೇರ್ಪಡಿಸಿದರು. ಜೀವಂತ ಯೀಸ್ಟ್ ಇಲ್ಲದೆ ಅದರ ರಸವೊಂದೇ ಸಕ್ಕರೆಯನ್ನು ಹುದುಗಿಸಬಲ್ಲದೆಂದು 1897ರಲ್ಲಿ ಬುಕ್ನರ್ ತೋರಿಸಿದ. 1926ರಲ್ಲಿ ಜೇಮ್ಸ್ ಸಮ್ನರ್ ಯೂರಿಯೇಸನ್ನು ಹರಳಾಗಿಸಿ, ಕಿಣ್ವವೆಂದರೆ ಪ್ರೋಟೀನು ಎಂದು ಸಾಧಿಸಿದ. 1930ರ ದಶಕದಿಂದ ಪೆಕ್ಟಿನೇಸನ್ನು ಹಣ್ಣಿನ ರಸ ತಿಳಿಗೊಳಿಸಲು ಬಳಸುತ್ತ ಬಂದಿದ್ದಾರೆ. ಸಸ್ಯಸಾರ ತೆಗೆಯುವುದಕ್ಕೆ ಅದು ಬಂದದ್ದು ಆ ದಾರಿಯಿಂದಲೇ.

ಸೆಲ್ಯುಲೇಸಿನ ಕತೆ ಹತ್ತಿಯ ಸೀಮೆಯವರಿಗೆ ಹಿಡಿಸುವಂಥದು. ಎರಡನೆಯ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿದ್ದ ಅಮೆರಿಕದ ಸೇನೆಯ ಹತ್ತಿಬಟ್ಟೆಯ ಡೇರೆಗಳು ಪುಡಿಪುಡಿಯಾಗತೊಡಗಿದವು. ಕಾರಣ ಒಂದು ಹಸಿರು ಬೂಷ್ಟು. ಬಟ್ಟೆಯನ್ನು ಉಳಿಸಲು ಹೊರಟ ಸೇನಾ ಪ್ರಯೋಗಾಲಯ ಕಡೆಗೆ ಬೂಷ್ಟನ್ನೇ ಸಾಕಿತು. ಅದರ ಮೇಲೆ ದೀರ್ಘಕಾಲ ದುಡಿದ ಎಲ್ವಿನ್ ರೀಸ್ ಅವರ ಹೆಸರಿನಿಂದ ಆ ಶಿಲೀಂಧ್ರಕ್ಕೆ 1977ರಲ್ಲಿ ಟ್ರೈಕೋಡರ್ಮಾ ರೀಸೈ ಎಂದು ನಾಮಕರಣವಾಯಿತು. ಇಂದು ಮಾರುಕಟ್ಟೆಯಲ್ಲಿರುವ ಸೆಲ್ಯುಲೇಸಿನ ಬಹುಪಾಲು ಅದರ ಸಂತತಿಯಿಂದಲೇ ಬರುತ್ತದೆ. ತೊಗರಿ ನೆಟ್ಟೆರೋಗಕ್ಕೆಂದು ಲಿಂಗಸುಗೂರು, ಮಸ್ಕಿಯ ರೈತರು ಬೀಜಕ್ಕೆ ಲೇಪಿಸುವ ಟ್ರೈಕೋಡರ್ಮಾ ಪುಡಿ ಇದರ ದಾಯಾದಿ. ಅದು ಅಲ್ಲಿ ರೋಗದ ಶಿಲೀಂಧ್ರದ ಗೋಡೆಯನ್ನು ಕಿಣ್ವಗಳಿಂದ ಕೊರೆಯುತ್ತದೆ, ಇದು ಇಲ್ಲಿ ಸಸ್ಯದ ಗೋಡೆಯನ್ನು.

ಸೆಲ್ಯುಲೇಸ್ ಎಂಬುದು ಒಂದು ಕಿಣ್ವವಲ್ಲ, ಕೂಟ. ಒಂದು ಎಳೆಯನ್ನು ನಡುವೆ ತುಂಡರಿಸುತ್ತದೆ, ಇನ್ನೊಂದು ತುದಿಯಿಂದ ಎರಡೆರಡೇ ಸಕ್ಕರೆ ಘಟಕಗಳನ್ನು ಕೀಳುತ್ತದೆ, ಮೂರನೆಯದು ಆ ಜೋಡಿಯನ್ನು ಬಿಡಿಸಿ ಗ್ಲೂಕೋಸ್ ಮಾಡುತ್ತದೆ. ಹೆಮಿಸೆಲ್ಯುಲೋಸಿಗೆ ಕ್ಸೈಲನೇಸ್, ಎಣ್ಣೆಹನಿಯ ಪ್ರೋಟೀನು ಪೊರೆಗೆ ಪ್ರೋಟಿಯೇಸ್, ಗೆಡ್ಡೆ-ಕಾಳುಗಳ ಪಿಷ್ಟಕ್ಕೆ ಅಮೈಲೇಸ್. ಪೆಕ್ಟಿನೇಸ್ ಹೆಚ್ಚಾಗಿ ಆಸ್ಪರ್ಜಿಲಸ್ ಜಾತಿಯ ಬೂಷ್ಟುಗಳಿಂದ ಬರುತ್ತದೆ. ಲಿಗ್ನಿನ್ ಮಾತ್ರ ಇವು ಯಾವುದಕ್ಕೂ ಬಗ್ಗುವುದಿಲ್ಲ. ಆದ್ದರಿಂದ ಹೂವು, ಹಣ್ಣು, ಸಿಪ್ಪೆ, ತೌಡುಗಳಲ್ಲಿ ಈ ವಿಧಾನ ಫಲಿಸಿದಷ್ಟು ಚೆಕ್ಕೆ-ಬೇರುಗಳಲ್ಲಿ ಫಲಿಸುವುದಿಲ್ಲ. ಗಂಧದ ಚೆಕ್ಕೆಗೆ ಇಂದಿಗೂ ಹಬೆಯೇ ದಾರಿ. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಗಂಧದ ಮರ ಹೋಗುವುದು ನಿಂತಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ಇಳಿಸಿ ನೋಡಿ, 1916ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ ಗಂಧದೆಣ್ಣೆ ಉದ್ಯಮ ನಿಂತದ್ದು ಹಬೆಯ ಮೇಲೆಯೇ. ದ್ರಾವಕದ ಹಸಿರುತನವನ್ನಷ್ಟೇ ನೋಡಿದರೆ ಅದಕ್ಕಿಂತ ಹಸಿರಾದದ್ದು ಕಡಿಮೆ. ಒಲೆಯ ಲೆಕ್ಕ ಬೇರೆ.

ಕಿಣ್ವೋದ್ಯಮದಲ್ಲಿ ಕರ್ನಾಟಕಕ್ಕೆ ಹಳೆಯ ನಂಟಿದೆ. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನಲ್ಲಿ ಬಯೋಕಾನ್ ಆರಂಭಿಸಿದಾಗ ಅದು ಮಾಡಿ ಮಾರುತ್ತಿದ್ದದ್ದು ಪರಂಗಿ ಕಾಯಿಯ ಹಾಲಿನಿಂದ ತೆಗೆದ ಪಪೇನ್ ಕಿಣ್ವವನ್ನು. ಕಿಣ್ವವೇ ಅಲ್ಲಿ ಸಸ್ಯಸಾರವಾಗಿತ್ತು. ಕಂಪನಿ ಮುಂದೆ ಔಷಧಗಳತ್ತ ಹೊರಳಿ, ಕಿಣ್ವದ ವ್ಯವಹಾರವನ್ನು 2007ರಲ್ಲಿ ಡೆನ್ಮಾರ್ಕಿನ ನೊವೊಜೈಮ್ಸ್‌ಗೆ ಮಾರಿತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ನೆಲೆಗೊಂಡ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಗೋಧಿ ಬೂಸಾದಂಥ ಒದ್ದೆ ಪುಡಿಯ ಮೇಲೆಯೇ ಬೂಷ್ಟು ಬೆಳೆಸಿ ಕಿಣ್ವ ಪಡೆಯುವ ಘನಮಾಧ್ಯಮ ಹುದುಗುವಿಕೆಯನ್ನು ಭಾರತದಲ್ಲಿ ಬೆಳೆಸಿದ ಸಂಸ್ಥೆಗಳಲ್ಲಿ ಮುಖ್ಯವಾದದ್ದು. ದೊಡ್ಡ ತೊಟ್ಟಿ, ಬಹಳ ನೀರು ಬೇಡದ ಆ ವಿಧಾನ ಬೂಸಾ ತೌಡು ಹೇರಳವಾಗಿರುವ ಊರುಗಳಿಗೆ ಹೊಂದುತ್ತದೆ.

ಹಸಿರು ದ್ರಾವಕಗಳು

1998ರಲ್ಲಿ ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನದ ಹನ್ನೆರಡು ಸೂತ್ರಗಳನ್ನು ಮುಂದಿಟ್ಟರು. ದ್ರಾವಕ ಬೇಡವಾದರೆ ಬಿಡಿ, ಬೇಕೇ ಬೇಕಾದರೆ ನಿರಪಾಯಕರವಾದದ್ದನ್ನು ಆರಿಸಿ ಎಂಬುದು ಅವುಗಳಲ್ಲೊಂದು. 2012ರಲ್ಲಿ ಫ್ರಾನ್ಸಿನ ಫರೀದ್ ಶೆಮಾ ಮತ್ತು ಸಂಗಡಿಗರು ಇದನ್ನು ಸಸ್ಯಸಾರಕ್ಕೆ ಹೊಂದಿಸಿ ಆರು ಸೂತ್ರಗಳನ್ನು ಬರೆದರು.

ಹೆಕ್ಸೇನಿನ ಮೇಲಿನ ದೂರು ಸುಳ್ಳಲ್ಲ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೂ ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಅದನ್ನು ಬಹುಕಾಲ ಉಸಿರಾಡಿದ ಕಾರ್ಮಿಕರ ಕೈಕಾಲಿನ ನರಗಳು ಜೋಮು ಹಿಡಿದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ; ದೇಹದಲ್ಲಿ ಅದು ಹೆಕ್ಸೇನ್‌ಡೈಓನ್ ಆಗಿ ಮಾರ್ಪಟ್ಟು ನರತಂತುವನ್ನು ಕೆಡಿಸುತ್ತದೆ. ಆದರೆ ಅದರ ಗುಣವನ್ನೂ ಹೇಳಬೇಕು. ಅಗ್ಗ, ಎಣ್ಣೆಯನ್ನು ಪೂರ್ತಿ ಹೀರುತ್ತದೆ, 69 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗಿ ಸುಲಭವಾಗಿ ಬಿಟ್ಟುಹೋಗುತ್ತದೆ. ಭಾರತದ ನಿಯಮದಂತೆ ಶುದ್ಧೀಕರಿಸಿದ ಅಡುಗೆ ಎಣ್ಣೆಯಲ್ಲಿ ಹತ್ತು ಲಕ್ಷಕ್ಕೆ 5 ಭಾಗಕ್ಕಿಂತ ಹೆಚ್ಚು ಹೆಕ್ಸೇನ್ ಇರಕೂಡದು. ಮಿತಿಯೊಳಗಿನ ಎಣ್ಣೆಯನ್ನು ವಿಷವೆಂದು ಕೂಗುವ ಜಾಹೀರಾತುಗಳಿಗೆ ಆಧಾರವಿಲ್ಲ; ತೊಂದರೆ ಹೆಚ್ಚಾಗಿ ಕಾರ್ಖಾನೆಯ ಒಳಗೆ ದುಡಿಯುವವರದು, ಅಕ್ಕಪಕ್ಕದ ಗಾಳಿಯದು.

ಬದಲಿಗಳಲ್ಲಿ ಮೊದಲನೆಯದು ನೀರು. ಕಿಣ್ವ ದುಡಿಯುವುದೂ ನೀರಿನಲ್ಲೇ. ಎರಡನೆಯದು ಎಥನಾಲ್, ಕಬ್ಬಿನ ಕಾಕಂಬಿಯಿಂದ ಬರುವ ಮದ್ಯಸಾರ. ನೀರಿನೊಂದಿಗೆ ಯಾವ ಪ್ರಮಾಣದಲ್ಲಾದರೂ ಬೆರೆಯುವುದರಿಂದ ಹದ ಬದಲಿಸಿ ಬೇರೆ ಬೇರೆ ಅಂಶಗಳನ್ನು ಇಳಿಸಬಹುದು. ವಿಜ್ಞಾನದ ಲೇಖನಗಳು ಮರೆಯುವ ಸಂಗತಿಯೆಂದರೆ ನಮ್ಮಲ್ಲಿ ಒಂದು ಪೀಪಾಯಿ ಮದ್ಯಸಾರ ಇಟ್ಟುಕೊಳ್ಳಲೂ ಅಬಕಾರಿ ಇಲಾಖೆಯ ಪರವಾನಗಿ, ದಾಸ್ತಾನು ಪುಸ್ತಕ ಎಲ್ಲ ಬೇಕು. ಸಣ್ಣ ಘಟಕದವನಿಗೆ ರಸಾಯನಶಾಸ್ತ್ರಕ್ಕಿಂತ ಇದೇ ದೊಡ್ಡ ತಲೆನೋವು.

ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿ ಸೆಲ್ಸಿಯಸ್ ಮತ್ತು 74 ಬಾರ್ ದಾಟಿಸಿದರೆ ಅದು ಅನಿಲವೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ಬರುತ್ತದೆ: ಅನಿಲದಂತೆ ನುಸುಳುತ್ತದೆ, ದ್ರವದಂತೆ ಕರಗಿಸುತ್ತದೆ. ಒತ್ತಡ ಬಿಟ್ಟೊಡನೆ ಹಾರಿಹೋಗುತ್ತದೆ, ಶೇಷವಿಲ್ಲ. ಜರ್ಮನಿಯ ಕುರ್ಟ್ ಜೋಸೆಲ್ 1960ರ ದಶಕದಲ್ಲಿ ಇದರ ದಾರಿ ತೋರಿಸಿದ ಮೇಲೆ ಕಾಫಿಬೀಜದಿಂದ ಕೆಫೀನ್ ತೆಗೆಯುವುದಕ್ಕೆ ಇದು ಬಳಕೆಗೆ ಬಂತು. ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಕರಿಮೆಣಸಿಗೆ ಅಮೈಲೇಸ್ ಕಿಣ್ವದ ನೆರವು ಕೊಟ್ಟು ಈ ವಿಧಾನದಲ್ಲಿ ಸಾರ ತೆಗೆದಾಗ ಪಿಪರಿನ್ ಹೆಚ್ಚು ದೊರೆಯಿತು. ರಾಯಚೂರಿನ ಲಿಂಗಸುಗೂರು ರಸ್ತೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯದ (ಸ್ಥಾಪನೆ 2008) ಆಹಾರ ಸಂಸ್ಕರಣಾ ಎಂಜಿನಿಯರಿಂಗ್ ವಿಭಾಗದಲ್ಲಿಯೂ ಇಂಥ ಯಂತ್ರವಿದ್ದು ಪ್ರಯೋಗಗಳು ನಡೆದಿವೆ. ಯಂತ್ರದ ಬೆಲೆಯೇ ಇದರ ಅಡ್ಡಿ. ಅಷ್ಟು ಒತ್ತಡ ತಾಳುವ ಉಕ್ಕಿನ ಪಾತ್ರೆ ಅಗ್ಗವಾಗಲು ಸಾಧ್ಯವಿಲ್ಲ.

ಎಲ್ಲಕ್ಕಿಂತ ಹೊಸದು ಆಳಗರಗು ದ್ರಾವಕಗಳು. 302 ಡಿಗ್ರಿಯಲ್ಲಿ ಕರಗುವ ಕೋಲಿನ್ ಕ್ಲೋರೈಡ್ ಒಂದು ಪಾಲಿಗೆ 133 ಡಿಗ್ರಿಯಲ್ಲಿ ಕರಗುವ ಯೂರಿಯಾ ಎರಡು ಪಾಲು ಬೆರೆಸಿದರೆ 12 ಡಿಗ್ರಿಯಲ್ಲೇ ದ್ರವವಾಗಿರುತ್ತದೆ. ಒಂದು ಕೋಳಿ ಆಹಾರಕ್ಕೆ ಸೇರಿಸುವ ಪುಡಿ, ಇನ್ನೊಂದು ಹೊಲಕ್ಕೆ ಎರಚುವ ಗೊಬ್ಬರ. 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಂಡ್ರ್ಯೂ ಅಬಟ್ ತಂಡ ಇದನ್ನು ಪ್ರಕಟಿಸಿತು. ಸಕ್ಕರೆ, ಸಿಟ್ರಿಕ್ ಆಮ್ಲ, ಅಮೈನೊ ಆಮ್ಲಗಳಿಂದಲೂ ಇಂಥ ದ್ರವ ಮಾಡಬಹುದೆಂದೂ, ಸಸ್ಯಕೋಶದೊಳಗೇ ಇವು ಇರಬಹುದೆಂದೂ 2011ರಲ್ಲಿ ನೆದರ್ಲೆಂಡಿನ ಲೈಡನ್ ವಿಜ್ಞಾನಿಗಳು ವಾದಿಸಿದರು. ಯೂರಿಯಾ ಸಾಮಾನ್ಯವಾಗಿ ಪ್ರೋಟೀನನ್ನು ಬಿಚ್ಚಿ ಕೆಡಿಸುವ ವಸ್ತು. ಆದರೂ ಈ ಮಿಶ್ರಣದಲ್ಲಿ ಕೆಲವು ಕಿಣ್ವಗಳು ಕೆಡದೆ ದುಡಿಯುತ್ತವೆ. ಹಾಗಾಗಿ ಗೋಡೆ ಒಡೆಯುವುದನ್ನೂ ಸಾರ ಕರಗಿಸುವುದನ್ನೂ ಒಂದೇ ಪಾತ್ರೆಯಲ್ಲಿ ಮುಗಿಸುವ ಪ್ರಯತ್ನಗಳು ಸಾಗಿವೆ. ತೊಡಕೆಂದರೆ ಇವು ಜೇನಿನಂತೆ ಮಂದ, ಮತ್ತು ಆವಿಯಾಗುವುದಿಲ್ಲ. ಒಳಗೆ ಇಳಿದ ಸಾರವನ್ನು ಮತ್ತೆ ಹೊರಗೆ ತರುವುದೇ ಇನ್ನೊಂದು ಕೆಲಸ.

ಕೆಲಸ ಸಾಗುವ ಬಗೆ

ಕಚ್ಚಾಮಾಲನ್ನು ಪುಡಿ ಮಾಡಿ ಅದರ ಐದರಿಂದ ಹತ್ತು ಪಟ್ಟು ನೀರಿನಲ್ಲಿ ಕಲಸುತ್ತಾರೆ. ಹುಳಿಯನ್ನು ಪಿಎಚ್ 4.5ರಿಂದ 5.5ಕ್ಕೆ ಹೊಂದಿಸಿ, ಮಾಲಿನ ತೂಕದ ಶೇ 0.5ರಿಂದ 2ರಷ್ಟು ಕಿಣ್ವ ಬೆರೆಸಿ, 45-55 ಡಿಗ್ರಿಯಲ್ಲಿ ಒಂದರಿಂದ ಹಲವು ಗಂಟೆ ಕಲಕುತ್ತಾರೆ. ಕಾವು 60 ದಾಟಿದರೆ ಬಹಳಷ್ಟು ಕಿಣ್ವಗಳು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಸಾಯುತ್ತವೆ. 30ಕ್ಕೆ ಇಳಿದರೆ ತೂಕಡಿಸುತ್ತವೆ. ಹದ ಬಂದ ಮೇಲೆ ಎರಡು ದಾರಿ. ನೀರಿನಲ್ಲಿಯೇ ಇಳಿಯುವ ಸಾರವಾದರೆ ಸೋಸಿ ತೆಗೆಯುವುದು. ಎಣ್ಣೆ-ಬಣ್ಣವಾದರೆ ಹಿಂಡಿ ಒಣಗಿಸಿ ಮದ್ಯಸಾರಕ್ಕೋ ಇಂಗಾಲದ ಡೈಆಕ್ಸೈಡಿಗೋ ಒಡ್ಡುವುದು. ಶ್ರವಣಾತೀತ ಅಲೆ ಅಥವಾ ಮೈಕ್ರೋವೇವ್ ಜೊತೆಗೂಡಿಸಿ ಸಮಯ ಉಳಿಸುವುದೂ ಉಂಟು. ಕಿಣ್ವದ ಒಣಪುಡಿಯನ್ನು ಉಸಿರಾಡಿದರೆ ಉಬ್ಬಸ ಬರಬಹುದು. 1960ರ ದಶಕದಲ್ಲಿ ಸಾಬೂನುಪುಡಿ ಕಾರ್ಖಾನೆಗಳಲ್ಲಿ ಇದು ಗೊತ್ತಾದ ಮೇಲೆ ಕಿಣ್ವಗಳನ್ನು ದ್ರವವಾಗಿ ಅಥವಾ ಹರಳುಗಳಾಗಿ ಮಾರುವುದು ರೂಢಿಯಾಯಿತು.

ಮೆಣಸಿನಕಾಯಿ

ಕರ್ನಾಟಕದ ಮಟ್ಟಿಗೆ ಈ ವಿದ್ಯೆಗೆ ಹೇಳಿ ಮಾಡಿಸಿದ ಬೆಳೆ ಬ್ಯಾಡಗಿ ಮೆಣಸಿನಕಾಯಿ. ಡಬ್ಬಿ, ಕಡ್ಡಿ ಎರಡು ಬಗೆಯಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ದೊರೆಯಿತು. ಹಾವೇರಿ, ಧಾರವಾಡ, ಗದಗಗಳಷ್ಟೇ ಅಲ್ಲ, ರಾಯಚೂರು ಜಿಲ್ಲೆಯ ಎರೆ ಹೊಲಗಳಲ್ಲೂ ಬ್ಯಾಡಗಿ ಬಗೆಯ ಕಾಯಿ ಬೆಳೆದು ಚೀಲ ತುಂಬಿ ಬ್ಯಾಡಗಿ ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿ ಕೊಳ್ಳುವವರಲ್ಲಿ ಮಸಾಲೆ ಕಂಪನಿಗಳ ಜೊತೆ ಓಲಿಯೋರೆಸಿನ್, ಅಂದರೆ ಬಣ್ಣ-ಖಾರಗಳ ಮಂದ ಸಾರ, ತೆಗೆಯುವವರೂ ಇದ್ದಾರೆ. ಈ ಉದ್ಯಮ ನೆಲೆಯೂರಿದ್ದು ಕೇರಳದಲ್ಲಿ. ಕೋಲೆಂಚೇರಿಯ ಸಿಂಥೈಟ್ 1972ರಷ್ಟು ಹಳೆಯದು. ಕಾಯಿಯ ಕೆಂಪಿಗೆ ಕ್ಯಾಪ್ಸಾಂಥಿನ್ ಮತ್ತು ಕ್ಯಾಪ್ಸೊರುಬಿನ್ ಕಾರಣ. ಸಿಪ್ಪೆಯ ಕೋಶಗಳೊಳಗೆ ಕೊಬ್ಬಿನಾಮ್ಲಗಳಿಗೆ ಅಂಟಿಕೊಂಡು ಅವು ಕುಳಿತಿರುತ್ತವೆ. ಖಾರದ ಕ್ಯಾಪ್ಸೈಸಿನ್ ಇರುವುದು ಬೀಜ ಅಂಟಿಕೊಂಡ ಬಿಳಿಯ ದಿಂಡಿನಲ್ಲಿ.

ಹೆಕ್ಸೇನ್ ಎರಡನ್ನೂ ಒಟ್ಟಿಗೆ ಎಳೆದು ತರುತ್ತದೆ, ಆಮೇಲೆ ಬೇರ್ಪಡಿಸಬೇಕು. 2000ದ ಸುಮಾರಿಗೆ ಮೆಕ್ಸಿಕೊದ ವಿಜ್ಞಾನಿಗಳು ತಮ್ಮಲ್ಲಿಯ ಗ್ವಾಹಿಯೊ ಮೆಣಸಿನಕಾಯಿಯ ಪುಡಿಗೆ ಗೋಡೆ ಕರಗಿಸುವ ಕಿಣ್ವಗಳನ್ನು ಕೊಟ್ಟು ಬೇರೆ ಜಾಣತನ ತೋರಿಸಿದರು. ಮೊದಲು ನೀರೇ ಹೆಚ್ಚಿರುವ ತೆಳು ಮದ್ಯಸಾರ: ಖಾರದ ದೊಡ್ಡ ಪಾಲು ಅದರಲ್ಲಿ ಇಳಿಯಿತು, ಬಣ್ಣ ಅಲ್ಲೇ ಉಳಿಯಿತು. ಬಳಿಕ ಗಟ್ಟಿ ಮದ್ಯಸಾರ: ಆಗ ಬಣ್ಣ ಬಂತು. ಒಂದೇ ದ್ರಾವಕ, ಎರಡು ಹದ, ಎರಡು ಸರಕು. ಅದೇ ದೇಶದಲ್ಲಿ ಚೆಂಡುಹೂವಿನ ಲ್ಯೂಟಿನ್ ಮತ್ತು ವೆನಿಲ್ಲಾ ಕೋಡಿನ ವೆನಿಲಿನ್ ಮೇಲೂ ಆಸುಪಾಸಿನ ವರ್ಷಗಳಲ್ಲಿ ಕಿಣ್ವದ ಪ್ರಯೋಗ ನಡೆದು ಇಳುವರಿ ಏರಿತು. ಮೆಣಸಿನಕಾಯಿ, ಚೆಂಡುಹೂ, ವೆನಿಲ್ಲಾ ಮೂರರ ತವರೂ ಮೆಕ್ಸಿಕೊ ಕಡೆಯದೇ. ಮೂರೂ ಈಗ ಕರ್ನಾಟಕದ ಬೆಳೆಗಳು. ಚೆಂಡುಹೂವನ್ನು ಇಲ್ಲಿ ಬಣ್ಣದ ಕಾರ್ಖಾನೆಗಳಿಗಾಗಿಯೇ ಕರಾರಿನ ಮೇಲೆ ಬೆಳೆಯುತ್ತಾರೆ. ವೆನಿಲ್ಲಾ ಮಾತ್ರ ಮಲೆನಾಡಿನಲ್ಲಿ 2000ದ ದಶಕದ ಆರಂಭದಲ್ಲಿ ಚಿನ್ನದ ಬೆಲೆ ಕಂಡು ಅಷ್ಟೇ ಬೇಗ ನೆಲಕಚ್ಚಿತು.

ಬೇವು ಮತ್ತು ತೊಗರಿ

ಬೇವಿನ ಬೀಜದ ಕಷಾಯ ರೈತನ ಮನೆಯಲ್ಲೇ ನಡೆಯುವ ಹಸಿರು ದ್ರಾವಕದ ಕೆಲಸ. 5 ಕಿಲೊ ಬೀಜದ ತಿರುಳನ್ನು ಕುಟ್ಟಿ ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಸೋಸಿ, 100 ಲೀಟರಿಗೆ ತುಂಬಿಸಿಕೊಂಡರೆ ಶೇ 5ರ ಕಷಾಯ. ಕೀಟಗಳನ್ನು ತಡೆಯುವ ಅಜಾಡಿರಾಕ್ಟಿನ್ ನೀರಿಗೆ ಇಳಿಯುವುದು ಸ್ವಲ್ಪವೇ, ಆದರೆ ಸಿಂಪರಣೆಗೆ ಅಷ್ಟು ಸಾಕು. ಬಿಸಿಲಿಗೆ ಅದು ಬೇಗ ಕೆಡುತ್ತದೆ. ಸಂಜೆ ಸಿಂಪಡಿಸಿ ಎನ್ನುವುದು ಅದಕ್ಕಾಗಿಯೇ. ಬೇವಿನ ವಿಷಯದಲ್ಲಿ ದ್ರಾವಕ ಯಾವುದೆಂಬುದೇ ಅಂತರರಾಷ್ಟ್ರೀಯ ವ್ಯಾಜ್ಯವಾದದ್ದುಂಟು. ನೀರಿಗೆ ಬೆರೆಯದ ದ್ರಾವಕದಿಂದ ತೆಗೆದ ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು. ಆರ್. ಗ್ರೇಸ್ ಕಂಪನಿ 1994ರಲ್ಲಿ ಯುರೋಪಿನ ಪೇಟೆಂಟ್ ಪಡೆದವು. ಇದರಲ್ಲಿ ಹೊಸತೇನಿಲ್ಲ ಎಂಬ ಭಾರತದ ಕಡೆಯ ವಾದ ಗೆದ್ದು 2000ದಲ್ಲಿ ಅದು ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ಬಿದ್ದುಹೋಯಿತು.

ತೊಗರಿಯಲ್ಲಿ ಸಾರ ತೆಗೆಯುವ ಮಾತಿಲ್ಲ, ಸಿಪ್ಪೆ ಬಿಡಿಸುವ ಮಾತು. ಬೇಳೆಗೂ ಸಿಪ್ಪೆಗೂ ನಡುವೆ ಇರುವ ಗೋಂದು ಹಟಮಾರಿಯಾದದ್ದರಿಂದ ಮಿಲ್ಲುಗಳಲ್ಲಿ ಎಣ್ಣೆ ಸವರಿ, ನೀರು ಚಿಮುಕಿಸಿ, ದಿನಗಟ್ಟಲೆ ಬಿಸಿಲಿಗೆ ಹರಡುತ್ತಾರೆ. ಕ್ಸೈಲನೇಸ್, ಪ್ರೋಟಿಯೇಸ್ ಕಿಣ್ವಗಳಿಂದ ಆ ಗೋಂದನ್ನು ಸಡಿಲಿಸುವ ಪ್ರಯೋಗಗಳು ದೇಶದಲ್ಲಿ ನಡೆದು, ಸಿಪ್ಪೆ ಸುಲಭವಾಗಿ ಬಿಟ್ಟುಕೊಂಡದ್ದು ಕಂಡುಬಂದಿದೆ. ಪುಂಡಿಯ ದಂಟಿನಿಂದ ನಾರು ಬಿಡುವುದಕ್ಕೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ತೌಡು

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಸಿಂಧನೂರು, ಗಂಗಾವತಿ, ಮಾನ್ವಿಗಳು ಭತ್ತದ ಕಣಜವಾದವು, ಅಕ್ಕಿ ಗಿರಣಿಗಳ ಸಾಲು ಎದ್ದಿತು. ಗಿರಣಿಯಲ್ಲಿ ಭತ್ತದ ತೂಕದ ಶೇ 5ರಿಂದ 8ರಷ್ಟು ತೌಡು ಬೀಳುತ್ತದೆ. ತೌಡಿನಲ್ಲಿ ಶೇ 15ರಿಂದ 20ರಷ್ಟು ಎಣ್ಣೆ. ಅದರೊಂದಿಗೆ ಒರೈಜನಾಲ್ ಎಂಬ ಅಂಶವೂ ಇದೆ. 1950ರ ದಶಕದಲ್ಲಿ ಜಪಾನಿನಲ್ಲಿ ಗುರುತಿಸಲಾದ ಇದು ಕೊಲೆಸ್ಟರಾಲ್ ತಗ್ಗಿಸುವ ಗುಣಕ್ಕೆ ಹೆಸರಾಗಿದೆ.

ತೌಡಿನಲ್ಲಿ ಕಿಣ್ವ ಮೊದಲು ಬರುವುದು ಶತ್ರುವಾಗಿ. ಭತ್ತದ ಕಾಳಿನಲ್ಲಿ ಎಣ್ಣೆಯೂ ಅದನ್ನು ಸೀಳುವ ಲೈಪೇಸೂ ಬೇರೆ ಬೇರೆ ಪದರಗಳಲ್ಲಿ ತಣ್ಣಗಿರುತ್ತವೆ. ಪಾಲಿಷ್ ಮಾಡಿದ ಕ್ಷಣ ಎರಡೂ ಮುಖಾಮುಖಿ. ದಿನವೊಂದಕ್ಕೆ ಶೇ 5-7ರಷ್ಟು ಎಣ್ಣೆ ಬಿಡಿ ಕೊಬ್ಬಿನಾಮ್ಲವಾಗಿ ಒಡೆಯಬಹುದು. ವಾರ ಕಳೆದ ತೌಡಿನ ಎಣ್ಣೆ ಅಡುಗೆಗೆ ಬರುವುದಿಲ್ಲ, ಸಾಬೂನಿಗೆ ಹೋಗುತ್ತದೆ. ಕುದಿಸಿದ ಭತ್ತದ ತೌಡಿಗೆ ಈ ಭಯ ಕಡಿಮೆ. ಕುದಿಯುವಾಗಲೇ ಲೈಪೇಸ್ ಸತ್ತಿರುತ್ತದೆ, ಎಣ್ಣೆಯ ಅಂಶವೂ ತುಸು ಹೆಚ್ಚು. ಕುದಿಸದ ಭತ್ತದ ತೌಡನ್ನು ಮಾತ್ರ ಗಿರಣಿಯಿಂದ ಹೊರಬಿದ್ದ ಕೆಲವೇ ಗಂಟೆಗಳಲ್ಲಿ 120-130 ಡಿಗ್ರಿಯ ಕಾವಿಗೆ ಒಡ್ಡಿ ಹದಗೊಳಿಸಬೇಕು.

ಆಮೇಲೆ ಕಿಣ್ವ ಮಿತ್ರನಾಗಿ ಬರುತ್ತದೆ. 2001ರಲ್ಲಿ ದೆಹಲಿಯ ಐಐಟಿ ವಿಜ್ಞಾನಿಗಳು ಪ್ರೋಟಿಯೇಸ್, ಅಮೈಲೇಸ್, ಸೆಲ್ಯುಲೇಸ್ ಮೂರನ್ನೂ ಬೆರೆಸಿ, ಬರೀ ನೀರಿನಲ್ಲಿ ತೌಡಿನ ಎಣ್ಣೆಯ ಮುಕ್ಕಾಲು ಭಾಗವನ್ನು ಹೊರತಂದರು. ಆದರೆ ಶತಮಾನದ ಅನುಭವವಿರುವ ಹೆಕ್ಸೇನ್ ಘಟಕದಲ್ಲಿ ಹಿಂಡಿಯೊಳಗೆ ಉಳಿಯುವುದು ಶೇ 1ಕ್ಕೂ ಕಡಿಮೆ ಎಣ್ಣೆ. ಹೀಗಾಗಿ ಉದ್ಯಮದಲ್ಲಿ ಕಿಣ್ವ ಬೇರೂರಿದ್ದು ಎಣ್ಣೆ ತೆಗೆಯುವ ಕಡೆ ಅಲ್ಲ, ತೆಗೆದ ಎಣ್ಣೆಯ ಅಂಟು ಕಳೆಯುವ ಕಡೆ. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ತೌಡಿನೆಣ್ಣೆಗೆಂದೇ ಬೆಳೆಸಿದ ಫಾಸ್ಫೊಲೈಪೇಸ್ ವಿಧಾನ ಕಾರ್ಖಾನೆಗಳಿಗೆ ಹೋಗಿದೆ. ಮೊದಲು ನೀರು, ಆಮ್ಲ, ಕ್ಷಾರಗಳಿಂದ ತೊಳೆಯುವಾಗ ಅಂಟಿನ ಜೊತೆ ಎಣ್ಣೆಯೂ ಒರೈಜನಾಲೂ ಕೊಚ್ಚಿಹೋಗುತ್ತಿದ್ದವು.

ನೀರಿನ ದಾರಿಯಲ್ಲಿ ಎರಡು ತೊಡಕುಗಳಿವೆ. ಒಂದು, ಎಣ್ಣೆ ಕೆನೆಯಂತೆ ನೀರಿನೊಳಗೆ ಬೆರೆತು ಬಿಡದೇ ಇರುವುದು. ಬೆಣ್ಣೆ ಏಳದ ಮೊಸರಿನೆದುರು ಕೂತವರಿಗೆ ಇದರ ಕಿರಿಕಿರಿ ಗೊತ್ತು. ಇನ್ನೊಂದು ಕಾವಿನ ಲೆಕ್ಕ. ಕುದಿಬಿಂದುವಿನಲ್ಲಿರುವ ಒಂದು ಕಿಲೊ ಹೆಕ್ಸೇನನ್ನು ಆವಿ ಮಾಡಲು ಸುಮಾರು 335 ಕಿಲೊಜೂಲ್ ಬೇಕು, ಎಥನಾಲಿಗೆ 840ರ ಆಸುಪಾಸು, ನೀರಿಗೆ 2,257. ನೀರು ನಿರಪಾಯಕಾರಿ, ಆದರೆ ಒಣಗಿಸುವ ಒಲೆಗೆ ಕಲ್ಲಿದ್ದಲು ಸುರಿದರೆ ಹಸಿರೆಂಬ ಮಾತು ಹೊಗೆಯಲ್ಲಿ ಹೋಗುತ್ತದೆ. ದ್ರಾವಕವೊಂದನ್ನೇ ನೋಡಿ ಹಸಿರು ಮುದ್ರೆ ಒತ್ತುವ ಬರಹಗಳು ಈ ಲೆಕ್ಕವನ್ನು ಜಾರಿಸುತ್ತವೆ. ಪರಿಹಾರವಾಗಿ ನೀರನ್ನು ಬಹಳ ತಗ್ಗಿಸಿ, ಪುಡಿ ಬರೀ ಒದ್ದೆಯಾಗಿರುವಷ್ಟರಲ್ಲೇ ಕಿಣ್ವವನ್ನು ದುಡಿಸುವ ಪ್ರಯತ್ನಗಳಿವೆ.

ಅಕ್ಕಿ ಗಿರಣಿಯ ಊರಿಗೆ ಇಲ್ಲೊಂದು ಅನುಕೂಲವಿದೆ. ಭತ್ತದ ತೂಕದ ಐದನೆಯ ಒಂದು ಪಾಲು ಹೊಟ್ಟು. ಗಿರಣಿಗಳು ಅದನ್ನು ಬಾಯ್ಲರಿಗೆ ಹಾಕಿ ಹಬೆ ಮಾಡಿಕೊಳ್ಳುತ್ತವೆ. ತೌಡನ್ನು ಹದಗೊಳಿಸುವ ಕಾವೂ, ಕಿಣ್ವದ ತೊಟ್ಟಿಗೆ ಬೇಕಾದ 50 ಡಿಗ್ರಿಯೂ, ನೀರು ಇಂಗಿಸುವ ಹಬೆಯೂ ಅದೇ ಹೊಟ್ಟಿನಿಂದ ಬರಬಲ್ಲವು. ಲೈಪೇಸಿನ ಗಡುವೂ ಇದಕ್ಕೇ ಒತ್ತಾಸೆ: ದೂರದ ಊರಿಗೆ ಲಾರಿಯಲ್ಲಿ ಹೋಗುವ ತೌಡಿಗಿಂತ ಗಿರಣಿಯ ಅಂಗಳದಲ್ಲೇ ಕಾವು ಕಂಡ ತೌಡಿನ ಎಣ್ಣೆ ಮೇಲು. ಬೇಕಾದ ನೀರು ಮಾತ್ರ ಕಾಲುವೆಯನ್ನು ನೆಚ್ಚಿದೆ. ತೌಡು ಹೆಚ್ಚು ಬೀಳುವುದು ಸುಗ್ಗಿಯ ಬಳಿಕ. ಬೇಸಿಗೆಯಲ್ಲಿ ಕಾಲುವೆ ನಿಂತ ಮೇಲೆ ಕೊನೆಯಂಚಿನ ಊರುಗಳಲ್ಲಿ ಕುಡಿಯುವ ನೀರಿಗಾಗಿ ಕೆರೆ ತುಂಬಿಸಿಟ್ಟುಕೊಳ್ಳುತ್ತಾರೆ. ಅಲ್ಲಿ ಒಂದು ಟನ್ ತೌಡಿಗೆ ಐದು ಟನ್ ನೀರು ಕೇಳುವ ತೊಟ್ಟಿ ನಿಲ್ಲಿಸುವವರು, ಆ ನೀರನ್ನು ಸೋಸಿ ಮರಳಿ ಬಳಸುವ ಏರ್ಪಾಟನ್ನು ಮೊದಲು ಮಾಡಿಕೊಳ್ಳಬೇಕಾಗುತ್ತದೆ.